ವಾಕಿಂಗ್ ಮಾಡಿ ಬಂದ ಮ್ಯಾಲ ಎಕ್ಸ್‌ಟ್ರಾ ಉಣ್ಣಬೇಕೋ ಬ್ಯಾಡೋ? ವಾಚ್ ಉಣ್ಣು ಅಂತೈತಿ, ತೂಕ ಇಳಿವಲ್ದು

ತಿಲಕವಾಡಿ ಹುಡುಗ
ಎಲ್ಲಾರಿಗೂ ನಮಸ್ಕಾರ್ರಿ. ಒಂದ್ ಡೌಟ್ ಐತಿ, ತಿಳದೋರು ಹೇಳ್ರಿ. ನನಗ 36 ವಯಸ್ಸು, ಎತ್ತರ 168 ಸೆಂಟಿಮೀಟರ್, ತೂಕ 84 ಕೆಜಿ. ಕೆಲಸ ಕಂಪ್ಯೂಟರ್ ಮುಂದ ಕುಂತ್ಕೊಂಡ ಮಾಡೂದು. ಮುಂಜಾನಿ ವ್ಯಾಕ್ಸಿನ್ ಡಿಪೋ ಗ್ರೌಂಡಿನ್ಯಾಗ ಒಂದ್ ತಾಸ ಜೋರ ನಡೀತೇನಿ, ಐದೂವರಿ ಕಿಲೋಮೀಟರ್ ಆಕ್ಕೈತಿ. ಕೈಯಾಗಿನ ವಾಚ್ 480 ಕ್ಯಾಲೊರಿ ಸುಟ್ಟಿ ಅಂತ ತೋರಸ್ತೈತಿ. ಫೋನಿನ್ಯಾಗ ಊಟದ ಲೆಕ್ಕ ಇಡೂ ಆ್ಯಪ್ ಐತಿ, ಅದು ನನಗ ದಿನಕ್ಕ 1860 ಅಂತ ಕೊಟ್ಟೈತಿ. ವಾಕಿಂಗ್ ಮುಗದ್ ಕೂಡ್ಲೆ ಅದಕ್ಕ ಈ 480 ಕೂಡ್ಸಿ ಇವತ್ತು 2340 ತನಕಾ ತಿನ್ನಬಹುದು ಅಂತ ಹಸರ ಬಣ್ಣದಾಗ ತೋರಸ್ತೈತಿ. ನಾ ಅದನ್ನ ನಂಬಿ ಬರೋಬ್ಬರಿ ಅಷ್ಟ ಉಣ್ಣಾಕತ್ತೇನಿ.

ಸುರುವಿನ್ಯಾಗ ಚೂರ ಇಳೀತು, ಆಮ್ಯಾಲ ಕಾಟಾ ಅಲ್ಲೇ ನಿಂತೈತಿ. ನಮ್ಮವ್ವ ಅಂತಾಳ ಬೆವತ ಬಂದಿ, ಬರೇ ಹೊಟ್ಟಿಲೇ ಇರಬ್ಯಾಡ, ಇನ್ನೊಂದ್ ರೊಟ್ಟಿ ಹಾಕ್ಕೋ. ಜಿಮ್ಮಿಗೆ ಹೋಗೂ ದೋಸ್ತ ಅಂತಾನ ತಿಂದ್ರ ನಡದದ್ದೆಲ್ಲಾ ನೀರಾಗ ಹೋಮ. ಯಾರ್ದ್ ಖರೇ?

ಬಾಗಲಕೋಟಿ ಬಸ್ಯಾ
ಅವ್ವನ ಮಾತ ಮೀರಬ್ಯಾಡಪಾ. ಚರ್ಚೆ ಮುಗೀತು.

ಖಾನಾಪುರ ಮಳಿ
ತಿನಬ್ಯಾಡ್ರಿ. ನಾನೂ ತಿನ್ನೂದಿಲ್ಲ, ಆರಾಮ ಅದೇನಿ.

ಗರಡಿ ಮನಿ
ಹಿಂಗ ತಿನಬ್ಯಾಡ ತಿನಬ್ಯಾಡ ಅಂತ ಹೇಳೂದ ತಪ್ಪು. ಕಸರತ್ ಮಾಡಿ ಉಪಾಸ ಬಿದ್ರ ಕೊಬ್ಬಿನ ಜೋಡಿ ಮಾಂಸಖಂಡಾನೂ ಕರಗತೈತಿ. ನಾ ಮುಧೋಳ ಕಡೆಯಾಂವ, ಸಣ್ಣಾಂವಿದ್ದಾಗಿಂದ ಪೈಲ್ವಾನ್ರನ್ನ ನೋಡೇನಿ. ಸಾಮು ಮಾಡಿ ಬಂದ್ರಂದ್ರ ಹಾಲು, ಬದಾಮಿ, ಥಂಡಾಯಿ, ತುಪ್ಪ, ಎಲ್ಲಾ ಬೇಕ. ಸುಟ್ಟಿದ್ದನ್ನ ತುಂಬಬೇಕ. ನಿಮ್ಮ ವಾಚ್ ಹೇಳೂದ ಬರೋಬ್ಬರಿ ಐತಿ.

ಶಾಣ್ಯಾಕಿ
ಅಣ್ಣಾರ, ಅವರು ದಿನಾ ನೂರಾರು ಬೈಠಕ್ ಹೊಡದು ಅಖಾಡದಾಗ ಮಣ್ಣ ಹಚ್ಕೊಂಡ ಬರಾವ್ರು. ಇಂವ ಕಿವ್ಯಾಗ ಇಯರ್‌ಫೋನ್ ಹಾಕ್ಕೊಂಡ ಗ್ರೌಂಡ್ ಸುತ್ತಿ ಬರಾಂವ. ಇಬ್ಬರಿಗೂ ಒಂದ ಗ್ಲಾಸ್ ಥಂಡಾಯಿ ಆಗ್ತದೇನ್ರಿ?

ತಿಲಕವಾಡಿ ಹುಡುಗ
ಅಕ್ಕಾರ, ಇಯರ್‌ಫೋನ್ ವಿಷಯ ನಿಮಗ ಹೆಂಗ ಗೊತ್ತಾತ್ರಿ 😄

ಲೆಕ್ಕದ ಮಾಸ್ತರ
ತಮ್ಮಾ, ಒಂದ ಪ್ರಶ್ನೆ ಕೇಳ್ತೇನಿ, ಅದಕ್ಕ ಉತ್ತರ ಕೊಡು, ಆಮ್ಯಾಲ ಮುಂದಿನ ಮಾತ. ಆ್ಯಪ್ ಸುರು ಮಾಡೂ ಮುಂದ 'ನೀವು ಎಷ್ಟು ಚಟುವಟಿಕೆ ಇರೋರು' ಅಂತ ಕೇಳಿರ್ತೈತಿ. ಏನ್ ಹಾಕೀದಿ? ಕುಂತ ಇರಾಂವ ಅಂತ ಹಾಕೀದ್ಯೋ, ಸ್ವಲ್ಪ ಓಡ್ಯಾಡಾಂವ ಅಂತ ಹಾಕೀದ್ಯೋ?

ತಿಲಕವಾಡಿ ಹುಡುಗ
ಸ್ವಲ್ಪ ಓಡ್ಯಾಡಾಂವ ಅಂತ ಹಾಕೇನ್ರಿ ಮಾಸ್ತರ. ದಿನಾ ವಾಕಿಂಗ್ ಮಾಡ್ತೇನಲ್ರಿ, ಅದಕ್ಕ.

ಲೆಕ್ಕದ ಮಾಸ್ತರ
ಹಾಂ, ನಾ ಅನಕೊಂಡಂಗ ಆತು. ಈಗ ಪೆನ್ನು ಹಾಳಿ ತಗೋ.

ಮಿಫ್ಲಿನ್ ಸೂತ್ರ ಅಂತ ಒಂದೈತಿ, 1990ರಾಗ ಬಂದದ್ದು. ಗಂಡಸರಿಗೆ ತೂಕಕ್ಕ 10ರಿಂದ ಗುಣಸಬೇಕು, ಎತ್ತರಕ್ಕ 6.25ರಿಂದ, ಎರಡೂ ಕೂಡ್ಸಿ ಅದರಾಗ ವಯಸ್ಸಿನ ಐದ್‌ಪಟ್ಟು ಕಳದು, 5 ಕೂಡಸಬೇಕು. ಹೆಣ್ಣಮಕ್ಕಳಿಗೆ ಕಡೀಕ 5 ಕೂಡ್ಸೂ ಬದ್ಲಿ 161 ಕಳೀಬೇಕು. ನಿನಗ 840 ಮತ್ತ 1050, ಅದರಾಗ 180 ಹೋತು, 5 ಬಂತು, 1715. ಇದು ನೀ ಹಾಸಿಗ್ಯಾಗ ಸುಮ್ನ ಮಲಗಿದ್ರೂ ಮೈ ನಡಸಾಕ ಬೇಕಾಗೂದು, ಉಸರಾಡಾಕ, ರಕ್ತ ತಿರಗಾಕ, ಮೈ ಬೆಚ್ಚಗ ಇಡಾಕ.

ಕುಂತ ಕೆಲಸ ಮಾಡಾಂವಂದ್ರ ಇದಕ್ಕ 1.2ರಿಂದ ಗುಣಸ್ತಾರ, 2058 ಆಕ್ಕೈತಿ. ಸ್ವಲ್ಪ ಓಡ್ಯಾಡಾಂವಂದ್ರ 1.375ರಿಂದ, 2358. ನಿನ್ನ ಆ್ಯಪ್ 2358 ಹಿಡದು, ತೂಕ ಇಳಸಾಕ 500 ಕಳದು, 1860 ಕೊಟ್ಟೈತಿ. ಅಂದ್ರ ನಿನ್ನ ವಾಕಿಂಗ್ ಆ ಲೆಕ್ಕದಾಗ ಮೊದಲ ಸೇರೇತಿ. ಅದರ ಮ್ಯಾಲ ಮತ್ತ ವಾಚ್ ಕೊಟ್ಟ 480 ಕೂಡ್ಸಿ 2340 ತಿಂತಿ. 2358 ಎಲ್ಲಿ, 2340 ಎಲ್ಲಿ? ಕೊರತಿ ಎಲ್ಲಿ ಉಳೀತು? ಒಂದ ನಡಗಿಗೆ ಎರಡ ಸಲ ಪಗಾರ ತಗೊಂಡಂಗ ಆತು.

ಕಾಟಾ ನಿಂತದ್ದು ಸುಮ್ನ ಅಲ್ಲ. ನಿಲ್ಲಬೇಕಂತ ಲೆಕ್ಕ ಹಾಕಿ ತಿಂದಂಗ ಐತಿ.

ಬಾಗಲಕೋಟಿ ಬಸ್ಯಾ
ಮಾಸ್ತರ ಕ್ಲಾಸ್ ಸುರು ಆತು, ಹಿಂದಿನ ಬೆಂಚಿನವ್ರು ಸುಮ್ನ ಕುಂದರ್ರಿ.

ನವನಗರ ನರ್ಸಕ್ಕ
ಮಾಸ್ತರ ಹೇಳಿದ್ದು ಖರೇ ಐತಿ, ಅದಕ್ಕ ಒಂದೆರಡ ಮಾತ ಕೂಡಸ್ತೇನಿ. ಆ 480ನೂ ಭಾಳ ಜಾಸ್ತಿ ಅನಸ್ತೈತಿ. ಜೋರ ನಡಿಗಿಗೆ ಒಂದ್ ತಾಸಿಗೆ, ಒಂದ್ ಕೆಜಿ ತೂಕಕ್ಕ ಮೂರೂವರಿಯಿಂದ 4.3 ಕ್ಯಾಲೊರಿ ತನಕಾ ಹಿಡೀತಾರ. ಮೂರೂವರಿ ಹಿಡದ್ರ 84 ಕೆಜಿಗೆ 294 ಆತು. ಅದರಾಗ ಮನ್ಯಾಗ ಸುಮ್ನ ಕುಂತಿದ್ರೂ ಆ ತಾಸಿನ್ಯಾಗ 84 ಹೋಗೇ ಹೋಗ್ತಿತ್ತು. ಅದನ್ನ ಕಳದ್ರ ನಡದದ್ದರಿಂದ ಹೆಚ್ಚಿಗಿ ಖರ್ಚಾದದ್ದು 210 ಅಷ್ಟ.

ಭಾಳ ವಾಚ್‌ನ್ಯಾಗ ಕುಂತಾಗಿನ ಖರ್ಚೂ ಕೂಡ್ಸೇ ತೋರಸ್ತಾರ. ಕೂಡಸೂದು ಬ್ಯಾರೆ, ಅಂದಾಜ ತಪ್ಪೂದು ಬ್ಯಾರೆ. 2017ರಾಗ ಅಮೆರಿಕಾದ ಸ್ಟ್ಯಾನ್‌ಫರ್ಡ್‌ನವ್ರು ಏಳ್ ನಮೂನಿ ಕೈಗಡಿಯಾರ 60 ಮಂದಿಗೆ ಕಟ್ಟಿ ನೋಡಿದ್ರು. ಎದಿ ಬಡಿತ ಹೆಚ್ಚುಕಡಿಮಿ ಸರಿ ತೋರ್ಸಿದ್ವು, ಕ್ಯಾಲೊರಿ ಮಾತ್ರ ಎಲ್ಲಾ ತಪ್ಪಿದ್ವು. ಅದರಾಗ ಚಲೋದ ಅನ್ನೂದ ಸರಾಸರಿ ಶೇಕಡಾ 27 ತಪ್ಪಿತ್ತು, ಎಲ್ಲಕ್ಕಿಂತ ಕೆಟ್ಟದ್ದು ಶೇಕಡಾ 93. ಈಗಿನ ವಾಚ್ ಸುಧಾರ್ಸಿರಬಹುದು ಅಂತ ಇಟ್ಕೊಂಡ್ರೂ ಅದು ಹೇಳಿದಷ್ಟ ತಿಂತೇನಿ ಅಂದ್ರ ಹೆಂಗ್ರಿ.

ಮಿರ್ಚಿ ಭಜಿ
210 ಅಂದ್ರ ಎಷ್ಟ ಮಿರ್ಚಿ ಆಗ್ತಾವ್ರಿ ಅಕ್ಕಾರ? ಹೊಟ್ಟಿ ಕೇಳಾಕತ್ತೈತಿ

ನವನಗರ ನರ್ಸಕ್ಕ
ಒಂದ್ ದೊಡ್ಡ ಚಮಚಾ ಎಣ್ಣ್ಯಾಗ 120 ಇರ್ತೈತಿ. ಮಿರ್ಚಿ ಎಷ್ಟ ಎಣ್ಣಿ ಕುಡೀತೈತಿ ಅಂತ ಕರಿಯಾಂವಗ ಕೇಳ್ರಿ. ಎರಡ ತಿಂದ್ರ ಆ ತಾಸಿಂದು ಮುಗೀತು ಅಂತ ತಿಳ್ಕೊಳ್ರಿ.

ಮಿರ್ಚಿ ಭಜಿ
ಎರಡ್ಯಾರ ತಿಂತಾರ್ರಿ 😭 ಪ್ಲೇಟೇ ನಾಕರದ ಬರ್ತೈತಿ

ಹೊಲದ ಕಾಕಾ
ನಿಮ್ಮದೆಲ್ಲಾ ಓದಿ ನಗಿ ಬರ್ತೈತಿ. ನಾವು ಮುಂಜಾನಿ ನಸಕಿನ್ಯಾಗ ಎದ್ದು ಎತ್ತ ಹೂಡ್ಕೊಂಡ ಹೋದ್ವಿ ಅಂದ್ರ ಹೊತ್ತ ಮುಣಗೂ ತನಕಾ ಹೊಲದಾಗ. ಬುತ್ತಿ ಬರ್ತಿತ್ತು, ನಾಕ್ ಜ್ವಾಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಗಡಿಗಿ ತುಂಬ ಮಜ್ಜಿಗಿ. ಯಾರ್ ಎಣಿಸಿದ್ರು? ಯಾರಿಗೂ ಹೊಟ್ಟಿ ಇರಲಿಲ್ಲ. ಈಗ ಹುನಗುಂದ ಬಸ್ ಸ್ಟ್ಯಾಂಡಿನ್ಯಾಗ ನಿಂತ ನೋಡ್ರಿ, ಹತ್ತ ಮಂದ್ಯಾಗ ಆರ ಮಂದಿಗೆ ಹೊಟ್ಟಿ ಮುಂದ ಬಂದೈತಿ. ವಾಚ್ ಬಿಚ್ಚಿ ಒಗೀರಿ, ಹಸಿವಾದಾಗ ಉಣ್ರಿ, ಹಸಿವಿಲ್ಲಂದ್ರ ಸುಮ್ನ ಇರ್ರಿ.

ಲೆಕ್ಕದ ಮಾಸ್ತರ
ಕಾಕಾರ, ನಿಮ್ಮ ಕೆಲಸ ಹತ್ತ ತಾಸಿಂದು. ಇವರದು ಒಂದ್ ತಾಸ ನಡಗಿ, ಉಳದದ್ದು ಖುರ್ಚಿ. ನೀವು ಉಂಡ ನಾಕ್ ರೊಟ್ಟಿ ಇಂವ ಉಂಡ್ರ ಏನಾಕ್ಕೈತಿ? ಆಮ್ಯಾಲ ಹಸಿವು ಅಂತೀರಿ, ಎದುರಿಗೆ ಚೂಡಾ, ಬಿಸ್ಕೀಟ್, ಫರಸಾಣ ಇಟ್ಕೊಂಡ ಕುಂತಾಂವಗ ಹಸಿವು ಯಾವಾಗ ಹೋತು ಯಾವಾಗ ಬಂತು ಅಂತ ಹೆಂಗ ತಿಳೀತೈತಿ ಹೇಳ್ರಿ.

ಹೊಲದ ಕಾಕಾ
ಫರಸಾಣ ಇಟ್ಕೊಂಡ ಕುಂದರೂದ ತಪ್ಪು ಅಂತ ನಾ ಹೇಳಾಕತ್ತದ್ದು ಮಾಸ್ತರ.

ಗರಡಿ ಮನಿ
ಮಾಸ್ತರ ಲೆಕ್ಕ ಎಲ್ಲಾ ಸರಿ. ನರ್ಸಕ್ಕಾರ, ಪ್ರೋಟೀನ್ ಬಗ್ಗೆ ಯಾರೂ ಯಾಕ ಬಾಯಿ ಬಿಡವಲ್ರಿ? 500 ಕೊರತಿ ಮಾಡಿ ಬರೇ ರೊಟ್ಟಿ ಪಲ್ಯ ಉಂಡ್ರ ಮಾಂಸ ಹೋಗೂದಿಲ್ಲೇನು?

ನವನಗರ ನರ್ಸಕ್ಕ
ಇದು ಚಲೋ ಮಾತ ಸರ್. ಇದಕ್ಕ ನಿಮ್ಮ ಜೋಡಿ ನಾನೂ ನಿಂದರ್ತೇನಿ. ಐಸಿಎಂಆರ್ ಎನ್‌ಐಎನ್, ಅಂದ್ರ ನಮ್ಮ ದೇಶದ ಪೋಷಣ ಸಂಸ್ಥೆ, ಅವರ 2020ರ ಲೆಕ್ಕದಾಗ ಆರೋಗ್ಯವಂತ ದೊಡ್ಡವರಿಗೆ ಕೆಜಿಗೆ 0.83 ಗ್ರಾಂ ಅಂತ ಐತಿ. ತೂಕ ಇಳಸಾಕತ್ತವ್ರು, ಅದೂ ಕಸರತ್ ಮಾಡವ್ರು, ಇನ್ನೂ ಚೂರ ಹೆಚ್ಚಿಗಿ ತಗೊಂಡ್ರ ಚಲೋ, ಕೆಜಿಗೆ 1.2ರಿಂದ 1.6 ತನಕಾ ಅಂತಾರ. ಕಿಡ್ನಿ ತೊಂದ್ರಿ ಇದ್ದವ್ರು ಮಾತ್ರ ಡಾಕ್ಟರ್‌ನ ಕೇಳದ ಏರಸಬಾರದು.

ಆದ್ರ ಅದಕ್ಕ ಎಕ್ಸ್‌ಟ್ರಾ ಊಟ ಬೇಕಂತ ಇಲ್ಲ, ಇದ್ದ ಊಟದಾಗಿಂದ ಬದ್ಲಿ ಮಾಡ್ಕೊಬೇಕು. ಮೂರ ರೊಟ್ಟಿ ಒಂದ್ ಸೌಟ ಪಲ್ಯ ಅನ್ನೂದು ಎರಡ ರೊಟ್ಟಿ ಎರಡ ಸೌಟ ಮಡಿಕಿ ಕಾಳ ಪಲ್ಯ ಆಗ್ಲಿ. ಒಂದ್ ಬಟ್ಟಲ ಗಟ್ಟಿ ಮೊಸರ. ತಿನ್ನಾವ್ರಾದ್ರ ತತ್ತಿ, ಒಂದರಾಗ 6 ಗ್ರಾಂ ಪ್ರೋಟೀನ್, 75ರ ಸುಮಾರ ಕ್ಯಾಲೊರಿ. ಮತ್ತ ಸರ್, ಬರೇ ನಡಿಗಿಲಿಂದ ಮಾಂಸ ಉಳಿಯೂದಿಲ್ಲ, ವಾರಕ್ಕ ಎರಡ್ ಮೂರ ದಿನ ಭಾರ ಎತ್ತಬೇಕು, ಇಲ್ಲಾ ದಂಡ ಬೈಠಕ್ ಹೊಡೀಬೇಕು. ಅಲ್ಲಿ ನಿಮ್ಮ ಗರಡಿ ಕೆಲಸಕ್ಕ ಬರ್ತೈತಿ.

ಗರಡಿ ಮನಿ
ಅಡ್ಡಿ ಇಲ್ಲ. ಬೈಠಕ್ ಅಂದ್ರಲ್ಲಾ, ಸಮಾಧಾನ ಆತು.

ಬಾಗಲಕೋಟಿ ಬಸ್ಯಾ
ಶೇಂಗಾ ಪ್ರೋಟೀನ್ ಅಲ್ಲೇನ್ರಿ? ನಾ ವಾಕಿಂಗ್ ಮುಗ್ಸಿ ಕಿಸೆ ತುಂಬ ಶೇಂಗಾ ತಿಂತೇನಿ.

ಲೆಕ್ಕದ ಮಾಸ್ತರ
ನೂರ ಗ್ರಾಂ ಶೇಂಗಾದಾಗ 25 ಗ್ರಾಂ ಪ್ರೋಟೀನ್ ಇರ್ತೈತಿ ಖರೇ, ಜೋಡಿ 560 ಮ್ಯಾಲ ಕ್ಯಾಲೊರಿ. ಅರ್ಧಕ್ಕ ಅರ್ಧ ಎಣ್ಣಿ ಇದ್ದಂಗ ಐತಿ ಅದು. ನಿನ್ನ ಕಿಸೆ ಎಷ್ಟ ದೊಡ್ಡದೈತಿ ಅನ್ನೂದರ ಮ್ಯಾಲ ಐತಿ ಬಸಪ್ಪಾ.

ಸೈಕಲ್ ಸವಾರ
ವಿಜಯಪುರದಿಂದ ನಾ. ಇಲ್ಲಿ ಎಲ್ಲಾರೂ ತಿನಬ್ಯಾಡ ತಿನಬ್ಯಾಡ ಅನ್ಲತ್ತೀರಿ, ಅದು ಒಂದ್ ತಾಸ ವಾಕಿಂಗಿಗೆ ಸರಿ ಅದ. ಆದ್ರ ಓದೋರದಾಗ ನಮ್ಮಂಥ ಮಂದೀನೂ ಇರ್ತಾರ, ಅವರು ತಪ್ಪ ತಿಳಕೋಬಾರದು ಅಂತ ಬರೀಲತ್ತೀನಿ. ನಮ್ಮ ಕಡೆ ಸೈಕಲ್ ಅಂದ್ರ ಹುಡುಗ್ರಿಗೆ ಹುಚ್ಚು, ವಿಜಯಪುರ ಬಾಗಲಕೋಟಿ ಕಡೆಯಿಂದ ಎಷ್ಟೋ ಹುಡುಗ್ರು ಹುಡುಗ್ಯಾರು ನ್ಯಾಷನಲ್ ಆಡ್ಯಾರ. ಆಯ್ತವಾರ ನೂರ ಕಿಲೋಮೀಟರ್ ಹೊಡಿಯೂ ಮುಂದ ನೀ ತೂಕ ಇಳಸ್ತೀನಿ ಅಂತ ಬರೇ ನೀರ ಕುಡಕೋತ ಹೋದ್ರ ದಾರ್ಯಾಗ ಲೈಟ್ ಆಫ್. ಕಾಲ ತಿರಗಂಗಿಲ್ಲ, ಕೈ ನಡಗ್ತಾವ, ಕಣ್ಣಿಗೆ ಕತ್ತಲಿ ಬರ್ತದ, ಲಾರಿ ಓಡ್ಯಾಡೂ ರಸ್ತ್ಯಾಗ ಅದು ಆದ್ರ ಏನಾಗ್ತದ ನೀವ ಹೇಳ್ರಿ.

ಒಂದೂವರಿ ತಾಸಿನ ಮ್ಯಾಲ ಹೋಗೂದಿದ್ರ ತಾಸಿಗೆ 30ರಿಂದ 60 ಗ್ರಾಂ ಕಾರ್ಬ್ಸ್, ಅಂದ್ರ ಸಕ್ಕರಿ ಪಿಷ್ಟದ ಅಂಶ, ದಾರ್ಯಾಗ ಹೋಗಬೇಕು. ಒಂದ್ ಬಾಳಿಹಣ್ಣಿನ್ಯಾಗ 25ರ ಸುಮಾರ ಸಿಗ್ತದ. ಬೆಲ್ಲ ಶೇಂಗಾ ಚಿಕ್ಕಿ, ಖಾರೀಕ ಇಟಗೋತೀವಿ ನಾವು. ಬ್ಯಾಸಗ್ಯಾಗ ನಮ್ಮಲ್ಲಿ 40 ಡಿಗ್ರಿ ದಾಟ್ತದ, ಆಗ ಉಪ್ಪು ಹಾಕಿದ ನೀರು ಇಲ್ಲಾ ಮಜ್ಜಿಗಿ. ಅದು ಎಕ್ಸ್‌ಟ್ರಾ ಊಟ ಅಲ್ಲ, ಗಾಡಿಗೆ ಪೆಟ್ರೋಲ್.

ಲೆಕ್ಕದ ಮಾಸ್ತರ
ಇದು ಒಪ್ಪೂ ಮಾತ. ನೂರ ಕಿಲೋಮೀಟರಿಗೂ ಐದೂವರಿಗೂ ಒಂದ ನಿಯಮ ಹಚ್ಚಾಕ ಬರೂದಿಲ್ಲ.

ಖಾನಾಪುರ ಮಳಿ
ತೂಕ ಇಳಸೂ ಪೈಲ್ವಾನ್ರ ವಿಷಯ ಬಂತಲ್ಲಾ, 2024ರಾಗ ಪ್ಯಾರಿಸ್‌ನ್ಯಾಗ ವಿನೇಶ್ ಫೋಗಟ್‌ಗೆ ಬರೇ 100 ಗ್ರಾಂ ಹೆಚ್ಚಿಗಿ ಅಂತ ಫೈನಲ್ ಆಡಾಕ ಬಿಡಲಿಲ್ಲ. ರಾತ್ರಿ ಎಲ್ಲಾ ನೀರ ಬಿಟ್ಟು, ಓಡಿ, ಕೂದಲಾ ಕತ್ತರ್ಸಿದ್ರೂ ಆಗಲಿಲ್ಲ. ನನಗ ಈಗೂ ನೆನಸ್ಕೊಂಡ್ರ ಸಿಟ್ಟ ಬರ್ತೈತಿ.

ಗರಡಿ ಮನಿ
ಅದು ಕೊಬ್ಬ ಅಲ್ಲೋ, ನೀರಿನ ಆಟ. 50 ಕೆಜಿ ಕಾಟಾಕ್ಕ ಒಂದ್ ಮುಂಜಾನಿ ಇಳೀಬೇಕು, ಸಂಜಿಗೆ ಮತ್ತ ಏರತೈತಿ. ಮನಿ ಮಂದಿ ಅದನ್ನ ನೋಡಿ ಕಲೀಬಾರದು. ಅಮೆರಿಕಾದಾಗ 1997ರಾಗ ಹಂಗ ಬೆವರ ಇಳಸಾಕ ಹೋಗಿ ಮೂರ ಕಾಲೇಜ ಪೈಲ್ವಾನ್ರು ಸತ್ರು, ಆಮ್ಯಾಲ ರೂಲ್ಸ್ ಬದ್ಲಿ ಮಾಡಿದ್ರು. ಪ್ಲಾಸ್ಟಿಕ್ ಜಾಕೀಟ್ ಹಾಕ್ಕೊಂಡ ವಾಕಿಂಗ್ ಬರ್ತಾರ ನೋಡ್ರಿ ಕೆಲವ್ರು, ಅವರಿಗೆ ಹೇಳ್ಬೇಕು.

ಶಾಣ್ಯಾಕಿ
ನೀವೆಲ್ಲಾ ಗಂಡಸರು ನಿಮ್ಮ ನಿಮ್ಮ ಲೆಕ್ಕ ಹಾಕ್ಲತ್ತೀರಿ. ಹೆಣ್ಣಮಕ್ಕಳ ಕಥಿ ಬ್ಯಾರೆ ಅದ, ಸ್ವಲ್ಪ ಕೇಳ್ರಿ.

ನಮ್ಮ ಓಣ್ಯಾಗ ಒಂದ್ ಹತ್ತ ಮಂದಿ ಮುಂಜಾನಿ ವಾಕಿಂಗ್ ಹೋಗ್ತೀವಿ. ಬಂದ್ ಕೂಡ್ಲೆ ಯಾರಿಗೆ ತಿನ್ಲಿಕ್ಕೆ ಟೈಮ್ ಅದ? ಮಕ್ಕಳ ಡಬ್ಬಿ, ಅವರ ಡಬ್ಬಿ, ಅತ್ತಿಯವ್ರ ಚಾ, ಪೂಜಿ. ಬರೇ ಚಾ ಕುಡಕೋತ ಹನ್ನೊಂದ ಆಗ್ತದ. ಆಗ ಉಳದಿದ್ದ ಉಪ್ಪಿಟ್ಟು, ಹುಡುಗ್ರು ಬಿಟ್ಟ ಚಪಾತಿ ತುಂಡು, ಎಲ್ಲಾ ಕೂಡ್ಸಿ ನಿಂತ್ಕೊಂಡ ತಿಂತೀವಿ. ಅದ್ಯಾವ ಆ್ಯಪಿನ್ಯಾಗೂ ಬರಂಗಿಲ್ಲ. ಅದಾದ ಮ್ಯಾಲ ಸೋಮವಾರ ಒಪ್ಪತ್ತು, ಏಕಾದಶಿ, ಸಂಕಷ್ಟಿ. ಉಪಾಸ ಅಂತ ಹೆಸರು, ಎದುರಿಗೆ ಸಾಬುದಾಣಿ ಖಿಚಡಿ. ಸಾಬುದಾಣಿ ಅಂದ್ರ ಬರೇ ಪಿಷ್ಟ, ಪ್ರೋಟೀನ್ ಇಲ್ಲಂದ್ರೂ ನಡೀತದ, ಅದರ ಮ್ಯಾಲ ಶೇಂಗಾ ಪುಡಿ, ತುಪ್ಪ, ಬಟಾಟಿ. ರೊಟ್ಟಿ ಪಲ್ಯಕ್ಕಿಂತ ಜಾಸ್ತಿ ಹೋಗಿರ್ತದ, ಮಾತ್ರ ಮನಸ್ಸಿಗೆ ನಾ ಇವತ್ತು ಏನೂ ತಿಂದಿಲ್ಲ ಅಂತ.

ಇನ್ನೊಂದ್ ಕಡೆ ಕಾಲೇಜ ಹುಡುಗ್ಯಾರು. ಮದುವಿ ಗೊತ್ತಾತು ಅಂದ್ರ ಎರಡ ತಾಸ ಜಿಮ್ಮು, ಊಟ ಒಂದ್ ಸೇಬು ಒಂದ್ ಚಪಾತಿ. ನನ್ನ ತಂಗಿ ಮಗಳದ ಹಂಗ ಆಗಿ ತಿಂಗಳ ಮುಟ್ಟು ನಿಂತು ಹೋಗಿತ್ತು, ಕೂದಲಾ ಉದರಲಿಕ್ಕೆ ಹತ್ತಿದ್ವು. ಅಂಥವರಿಗೆ ಕಸರತ್ ಆದ ಮ್ಯಾಲ ತಿನಬ್ಯಾಡ ಅಂತ ಹೇಳೂದು ಅಪಾಯ.

ನವನಗರ ನರ್ಸಕ್ಕ
ಅಕ್ಕಾರ ಹೇಳಿದ್ದು ಭಾಳ ಮುಖ್ಯ ಐತಿ. ಕಸರತ್ತಿಗೆ ಖರ್ಚಾದ ಮ್ಯಾಲ ಮೈ ನಡಸಾಕ ಉಳಿಯೂ ಶಕ್ತಿ ಭಾಳ ಕಡಿಮಿ ಆದ್ರ ಮೈ ಒಂದೊಂದ ಖಾತೆ ಬಂದ್ ಮಾಡ್ತಾ ಬರ್ತೈತಿ. ಮುಟ್ಟು ನಿಲ್ಲತೈತಿ, ಎಲುಬು ಸವೀತಾವು, ಗಂಡಸರಿಗೂ ಹಾರ್ಮೋನ್ ಇಳೀತೈತಿ. 2014ರಾಗ ಒಲಿಂಪಿಕ್ ಕಮಿಟಿಯವ್ರು ಇದಕ್ಕ ರೆಡ್ಸ್ ಅಂತ ಹೆಸರಿಟ್ರು. ಮುಟ್ಟು ಮೂರ ತಿಂಗಳ ನಿಂತ್ರ ತೂಕದ ವಿಷಯ ಬದಿಗಿಟ್ಟು ಡಾಕ್ಟರ್ ಕಡೆ ಹೋಗಬೇಕು.

ಗುಮ್ಮಟ ವಾಕರ್
ನಾನೂ ಒಂದ್ ಮಾತ ಹೇಳ್ತೀನಿ. ಗೋಳಗುಮ್ಮಟದ ಗಾರ್ಡನ್ ಕಡೆ ದಿನಾ ವಾಕಿಂಗ್ ಮಾಡಾಂವ ನಾ, ಸಕ್ಕರಿ ಬ್ಯಾನಿ ಅದ, ಗ್ಲಿಮೆಪಿರೈಡ್ ಗುಳಗಿ ತಗೋತೀನಿ. ತೂಕ ಇಳಸೂ ಹುರುಪಿನ್ಯಾಗ ಬರೇ ಹೊಟ್ಟಿಲೇ ನಡೀಲಿಕ್ಕೆ ಸುರು ಮಾಡಿದ್ದೆ, ಬಂದ ಮ್ಯಾಲೂ ತಡಾ ಮಾಡಿ ನಾಷ್ಟಾ. ಒಂದಿನ ನಡಕೋತ ಇದ್ದಂಗ ಮೈಯೆಲ್ಲಾ ಬೆವತು, ಕೈ ಗಡಗಡ, ಮಾತ ತೊದಲ್ಲಿಕ್ಕೆ ಹತ್ತಿತ್ತು. ಜೋಡಿ ಇದ್ದವ್ರು ಬಾಜೂಕಿನ ಚಾ ಅಂಗಡಿಯಿಂದ ಸಕ್ಕರಿ ತಂದು ಬಾಯಾಗ ಹಾಕಿದ್ರು. ಡಾಕ್ಟರ್ ಗುಳಗಿ ಪ್ರಮಾಣ ಇಳಿಸ್ಯಾರ, ಏನರೆ ತಿಂದೇ ನಡೀರಿ ಅಂದಾರ. ಈಗ ಕಿಸ್ಯಾಗ ಗ್ಲೂಕೋಸ್ ಇಟಗೊಂಡೇ ಹೋಗ್ತೀನಿ.

ನವನಗರ ನರ್ಸಕ್ಕ
ಸಕ್ಕರಿ 70ಕಿಂತ ಕೆಳಗ ಇಳದ್ರ ತಡಾ ಮಾಡಬಾರದ್ರಿ. 15 ಗ್ರಾಂ ಸಕ್ಕರಿ, ಅಂದ್ರ ಮೂರ ಸಣ್ಣ ಚಮಚಾ, ನೀರಾಗ ಕಲಸಿ ಕುಡದು, 15 ಮಿನಿಟ ಬಿಟ್ಟು ಮತ್ತ ಚೆಕ್ ಮಾಡ್ರಿ. ಎಚ್ಚರ ತಪ್ಪಿದವ್ರ ಬಾಯಾಗ ಮಾತ್ರ ಏನೂ ಹಾಕಬ್ಯಾಡ್ರಿ, ಸೀದಾ ದವಾಖಾನಿಗೆ. ಇನ್ಸುಲಿನ್ ತಗೊಳ್ಳೋರು, ಗ್ಲಿಮೆಪಿರೈಡ್ ಜಾತಿ ಗುಳಗಿ ತಗೊಳ್ಳೋರಿಗೆ ಈ ತ್ರಾಸ ಹೆಚ್ಚು. ಬರೇ ಮೆಟ್‌ಫಾರ್ಮಿನ್ ಇದ್ದವ್ರಿಗೆ ಅಪರೂಪ. ಗುಳಗಿ ನೀವ ನೀವ ಬಿಡಬ್ಯಾಡ್ರಿ ಮತ್ತ.

ಬಾಗಲಕೋಟಿ ಬಸ್ಯಾ
ವಿಷಯ ಸೀರಿಯಸ್ ಆತು, ನಾ ಚೂರ ಹಗರ ಮಾಡ್ತೇನಿ. ನಮ್ಮ ವಿದ್ಯಾಗಿರಿ ವಾಕಿಂಗ್ ಗ್ರೂಪಿನ್ಯಾಗ ಎಂಟ ಮಂದಿ ಅದೇವಿ. ವಾಕಿಂಗ್ ಮುಗದ ಮ್ಯಾಲ ಹೋಟೆಲ್‌ನ್ಯಾಗ ಇಡ್ಲಿ ವಡಾ, ಒಬ್ಬಾಂವ ಸಿರಾ ಹೇಳ್ತಾನ, ಕಡೀಕ ಚಾ. ದಿನಾ ಬಿಲ್ ಕೊಡೂ ಪಾಳಿ ಬ್ಯಾರೆ ಬ್ಯಾರೆ. ಒಬ್ಬಾಂವಂದೂ ತೂಕ ಇಳದಿಲ್ಲ, ಹೋಟೆಲ್ ಮಾಲಕಂದು ಮಾತ್ರ ಎರಡನೇ ಬ್ರ್ಯಾಂಚ್ ಆಗೇತಿ.

ಗೋಕಾಕ ಕರದಂಟು
ನಾವು ಹೋಟೆಲ್‌ಗೆ ಹೋಗೂದಿಲ್ಲ, ಮನ್ಯಾಗ ಒಂದ್ ತುಂಡ ಕರದಂಟ ತಿಂತೇವಿ. ಡ್ರೈ ಫ್ರೂಟ್ಸ್ ಐತಿ, ಅಂಟ ಐತಿ, ಬೆಲ್ಲ ಐತಿ, ಸಕ್ಕರಿ ಇಲ್ಲ. ಹೆಲ್ದಿ.

ಲೆಕ್ಕದ ಮಾಸ್ತರ
ಬೆಲ್ಲಕ್ಕೂ ಸಕ್ಕರಿಗೂ ಕ್ಯಾಲೊರ್ಯಾಗ ಹೇಳಿಕೊಳ್ಳೂವಂಥ ಫರಕ್ ಇಲ್ಲ. ತುಪ್ಪ, ಗೋಡಂಬಿ, ಒಣಕೊಬ್ಬರಿ ಕೂಡಿದ್ರ ಅದು ಬಾಣಂತಿಗೆ ಕೊಡೂ ತಿನಿಸು. ನೀನೇನ ಬಾಣಂತ್ಯಾ?

ಹೊಲದ ಕಾಕಾ
ಕರದಂಟ ಅಂದ್ರ ಅಮೀನಗಡದ್ದು. ಗೋಕಾಕದ್ದು ಆಮ್ಯಾಲ.

ಗೋಕಾಕ ಕರದಂಟು
ಕಾಕಾರ, ದೊಡ್ಡವ್ರದೀರಿ ಅಂತ ಸುಮ್ನ ಅದೇನಿ.

ತಿಲಕವಾಡಿ ಹುಡುಗ
ಇಬ್ಬರೂ ಸುಮ್ನಾಗ್ರಿ, ಬೆಳಗಾವಿ ಕುಂದಾ ಇರೂ ಮುಂದ ಕರದಂಟಿನ ಮಾತ ಯಾಕ.

ಶಾಣ್ಯಾಕಿ
ತೂಕ ಇಳಸೂ ಚರ್ಚಾದಾಗ ಕುಂದಾ ಕರದಂಟು ಜಗಳ. ಇದಕ್ಕ ನಮ್ಮ ತೂಕ ಇಳಿವಲ್ದು 😂

ಖಾನಾಪುರ ಮಳಿ
ಒಂದ್ ಮಾತ. ಆಫ್ರಿಕಾದ ತಾಂಜಾನಿಯಾದಾಗ ಹಡ್ಜಾ ಅಂತ ಬ್ಯಾಟಿ ಆಡಿ, ಗೆಡ್ಡಿ ಅಗದು ಬದುಕೂ ಮಂದಿ ಅದಾರ. ಅವರು ದಿನಾ ನಮ್ಮಕಿಂತ ಎಷ್ಟೋ ಪಾಲು ನಡೀತಾರ. ಹರ್ಮನ್ ಪಾಂಟ್ಸರ್ ಅನ್ನೂ ವಿಜ್ಞಾನಿ ಮತ್ತ ಅವರ ಜೋಡಿಯವ್ರು ಅಳದು ನೋಡಿ 2012ರಾಗ ಬರದ್ರು, ಮೈತೂಕದ ಲೆಕ್ಕ ಹಿಡದ್ರ ಹಡ್ಜಾ ಮಂದಿ ದಿನಕ್ಕ ಖರ್ಚು ಮಾಡೂ ಕ್ಯಾಲೊರಿ ಅಮೆರಿಕಾ ಯುರೋಪಿನವರಷ್ಟ ಅಂತ. ಅಂದ್ರ ಮೈ ಒಂದ್ ಕಡೆ ಖರ್ಚಾದ್ರ ಇನ್ನೊಂದ್ ಕಡೆ ಉಳಸ್ತೈತಿ. ಹಂಗಿದ್ರ ವಾಕಿಂಗಿನ 210ನೂ ಪೂರಾ ಸಿಗೂದಿಲ್ಲ. ಅದಕ್ಕ ನಾ ಮೊದಲ ಹೇಳಿದ್ನಿ, ತಿನಬ್ಯಾಡ್ರಿ.

ಗರಡಿ ಮನಿ
ಹಂಗಾದ್ರ ನಡಿಯೂದ ಬ್ಯಾಡ ಅಂತೇನು? ಮನ್ಯಾಗ ಮಲಗೂಣು?

ಖಾನಾಪುರ ಮಳಿ
ನಾ ಎಲ್ಲಿ ಹಂಗ ಅಂದೇನ್ರಿ. ಹೃದಯಕ್ಕ, ಸಕ್ಕರಿಗೆ, ಬಿಪಿಗೆ, ನಿದ್ದಿಗೆ ನಡೀಬೇಕು. ಇಳದ ತೂಕ ಮತ್ತ ಏರದಂಗ ಹಿಡದಿಡಾಕೂ ಅದು ಬೇಕು. ಆದ್ರ ತೂಕ ಇಳಿಯೂ ಕೆಲಸದಾಗ ಮುಕ್ಕಾಲು ಪಾಲು ಅಡಗಿ ಮನ್ಯಾಗ ಆಗೂದು ಅಂತ ನನ್ನ ಮಾತ.

ಲೆಕ್ಕದ ಮಾಸ್ತರ
ಮಳಿಯವ್ರು ಹೇಳಿದ್ದನ್ನ ಪೂರಾ ಒಪ್ಪೂದಿಲ್ಲ, ನಡದ್ರ ಖರ್ಚ ಸೊನ್ನಿ ಆಗೂದಿಲ್ಲ. ಆದ್ರ ಒಂದ್ ಮಾತ ನಮ್ಮ ಮನ್ಯಾಗ ನೋಡೇನಿ. ಮಗ ಮುಂಜಾನಿ ಓಡಿ ಬಂದ ದಿನ ಮುಂದ ಇಡೀ ದಿನ ಸೋಫಾ ಬಿಟ್ಟ ಏಳೂದಿಲ್ಲ. ನೀರ ತಂದ ಕೊಡು ಅಂದ್ರೂ 'ನಾ ಇವತ್ತ ರನ್ನಿಂಗ್ ಮಾಡೇನಿ' ಅಂತಾನ. ಓಡದ ದಿನ ಸಂತಿಗೆ ಹೋಗ್ತಾನ, ಗಾಡಿ ತೊಳೀತಾನ. ಅದರಾಗ ಎಷ್ಟ ಕಟ್ಟ ಆಗಿ ಹೋತು ಅಂತ ಯಾವ ವಾಚೂ ಹೇಳೂದಿಲ್ಲ.

ತಿಲಕವಾಡಿ ಹುಡುಗ
ಸರಿ ಮಾಸ್ತರ, ಅಕ್ಕಾರ. ಹಂಗಿದ್ರ ನಾ ಈಗ ಎಷ್ಟ ಉಣ್ಣಲಿ? ಸೀದಾ ಒಂದ್ ನಂಬರ್ ಹೇಳ್ರಲಾ.

ಲೆಕ್ಕದ ಮಾಸ್ತರ
ಎರಡ ದಾರಿ ಐತಿ. ಒಂದು, ಆ್ಯಪಿನ್ಯಾಗ ಕುಂತ ಇರಾಂವ ಅಂತ ಬದ್ಲಿ ಮಾಡು. 2058ರಾಗ 500 ಕಳದ್ರ 1558. ನಡದ ದಿನ ಅದಕ್ಕ 200 ಕೂಡ್ಸು, 1760 ಸುಮಾರ. ನಡೀದ ದಿನ ಕೂಡಸಬ್ಯಾಡ. ಎರಡು, ಈಗಿದ್ದ 1860 ಹಂಗ ಇಟ್ಟು ವಾಚ್ ಮತ್ತ ಆ್ಯಪ್ ಜೋಡಣಿ ಕಟ್ಟ ಮಾಡಿ ಬಿಡು, ನಡದ್ರೂ ಅಷ್ಟ, ಬಿಟ್ರೂ ಅಷ್ಟ. ಎರಡರಾಗ ಫರಕ್ ನೂರ ಕ್ಯಾಲೊರಿ. ನಿನಗ ತಲಿಬ್ಯಾನಿ ಬ್ಯಾಡಂದ್ರ ಎರಡನೇದ್ದು ಚಲೋ.

ಮುಂಜಾನಿ ದಿನಾ ತೂಕ ನೋಡು, ಆದ್ರ ವಾರದ ಸರಾಸರಿ ತಗದು ಅದನ್ನಷ್ಟ ಹೋಲಸು. ಮೂರ್ನಾಕ ವಾರ ಬಿಟ್ಟು ಸರಾಸರಿ ಇಳೀಲಿಲ್ಲಂದ್ರ ನೂರೈವತ್ತ ಕಡಿಮಿ ಮಾಡು. ವಾರಕ್ಕ ಒಂದ್ ಕೆಜಿ ಮ್ಯಾಲ ಇಳ್ಯಾಕತ್ತು, ಸುಸ್ತ ಬರಾಕತ್ತು ಅಂದ್ರ ಕೂಡ್ಸು. ಒಂದ್ ಕೆಜಿ ಕೊಬ್ಬಿಗೆ 7700 ಕ್ಯಾಲೊರಿ ಅಂತ ಹಿಡೀತಾರ, ದಿನಾ 500 ಅಂದ್ರ ವಾರಕ್ಕ ಅರ್ಧ ಕೆಜಿಗೆ ಚೂರ ಕಡಿಮಿ. ಅದಕಿಂತ ಜಾಸ್ತಿ ಆಸೆ ಪಡಬ್ಯಾಡ. ತೂಕ ಇಳದಂಗ ಲೆಕ್ಕಾನೂ ಇಳೀತೈತಿ, 78ಕ್ಕ ಬಂದ ಮ್ಯಾಲ ಮತ್ತ ಹೊಸದಾಗಿ ಹಾಕ್ಕೋ.

ಸೈಕಲ್ ಸವಾರ
ಒಂದ್ ಕೂಡಸ್ತೀನಿ ಮಾಸ್ತರ. ಇರೂ ಊಟಾನ ಹೊಂದ್ಸಿ ಇಟ್ಕೊಂಡ್ರ ಎಕ್ಸ್‌ಟ್ರಾ ಬೇಕಂತ ಅನಸೂದ ಇಲ್ಲ. ವಾಕಿಂಗ್ ಮುಗದು ಅರ್ಧ ಪೌಣ ತಾಸಿನ್ಯಾಗ ನಾಷ್ಟಾ ಬರೂ ಹಂಗ ಟೈಮ್ ಮಾಡ್ಕೋರಿ. ನಾಷ್ಟಾನ ಎಕ್ಸ್‌ಟ್ರಾ ಆಗ್ಬಾರದು, ನಾಷ್ಟಾನ ಕಸರತ್ ಆದ ಮ್ಯಾಲಿನ ಊಟ ಆಗ್ಲಿ. ಇಡೀ ದಿನದ್ದು ಅಷ್ಟ, ಹೊತ್ತ ಮಾತ್ರ ಸರದದ.

ಶಾಣ್ಯಾಕಿ
ಮೊಳಕಿ ಹೆಸರಕಾಳ, ಸಣ್ಣಗ ಹೆಚ್ಚಿದ ಉಳ್ಳಾಗಡ್ಡಿ, ಸೌತಿಕಾಯಿ, ಲಿಂಬಿ ಹಿಂಡಿ ಒಂದ್ ಬಟ್ಟಲ, ಜೋಡಿ ಒಂದ್ ರೊಟ್ಟಿ. ಹನ್ನೆರಡ ತನಕಾ ಹಸಿವು ಕೇಳಂಗಿಲ್ಲ. ಮತ್ತ ನಾ ನೋಡಿದ್ದು, ಬೆವತ ಬಂದಾಗ ಮೊದಲ ಎರಡ ಗ್ಲಾಸ್ ನೀರ ಕುಡದು ಕುಂದರ್ರಿ, ಅರ್ಧ ಹಸಿವು ನೀರಡಕಿನ ಆಗಿರ್ತದ.

ಹೊಲದ ಕಾಕಾ
ಮಜ್ಜಿಗಿ ಕುಡೀರಿ.

ತಿಲಕವಾಡಿ ಹುಡುಗ
ಎರಡನೇ ದಾರಿ ಹಿಡೀತೇನ್ರಿ ಮಾಸ್ತರ. ವಾಚ್ ಜೋಡಣಿ ಈಗ ತಗದೆ. ಅವ್ವಗ ಹೇಳೂದ ಒಂದ್ ಉಳದೈತಿ, ಅದು ಆ್ಯಪಿಗಿಂತ ಕಷ್ಟ.

ಬಾಗಲಕೋಟಿ ಬಸ್ಯಾ
ಎಳ್ಳ ಅಮಾಸಿ ಮುಗ್ಯೂ ತನಕಾ ಹೇಳಬ್ಯಾಡ, ಚರಗ ಚೆಲ್ಲಾಕ ಹೊಲಕ್ಕ ಹೋಗೂದು ಹೋಕ್ಕೈತಿ.

ಮಿರ್ಚಿ ಭಜಿ
ಅದ ಕೇಳ್ಬೇಕಂತಿದ್ದೆ. ಸಜ್ಜಿ ಕಡಬು, ಶೇಂಗಾ ಹೋಳಿಗಿ, ಬದನಿಕಾಯಿ ಭರ್ತಾ, ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ. ಆ ದಿನ ಏನ್ ಮಾಡೂದು? ಹಿಂದಿನ ದಿನ ಎರಡ ತಾಸ ನಡದು ಜಾಗಾ ಮಾಡ್ಕೊಳ್ಲ್ಯಾ?

ನವನಗರ ನರ್ಸಕ್ಕ
ಹಂಗೇನ ಬ್ಯಾಡ್ರಿ, ಹಬ್ಬದ ಊಟ ಹಬ್ಬದಂಗ ಉಣ್ರಿ. ಮರದಿನ ಕಾಟಾದ ಮ್ಯಾಲ ಒಂದೂವರಿ ಕೆಜಿ ಏರಿದ್ದ ನೋಡಿ ಗಾಬ್ರಿ ಆಗಬ್ಯಾಡ್ರಿ. ಅಷ್ಟ ಕೊಬ್ಬ ಬರಬೇಕಂದ್ರ ಒಂದ ದಿನಕ್ಕ 11,000ದ ಮ್ಯಾಲ ಹೆಚ್ಚಿಗಿ ತಿಂದಿರಬೇಕು. ಅದು ಉಪ್ಪು, ನೀರು, ಹೊಟ್ಟ್ಯಾಗ ಇನ್ನೂ ಇರೂ ಊಟ. ಗ್ಲೈಕೋಜನ್ ಅಂದ್ರ ಮೈಯಾಗ ಕೂಡಿಡೂ ಸಕ್ಕರಿ ಅಂಶ, ಅದರ ಒಂದ್ ಗ್ರಾಂ ಜೋಡಿ ಮೂರ ಗ್ರಾಂ ಸುಮಾರ ನೀರ ಇರ್ತೈತಿ. ಮೂರ್ನಾಕ ದಿನದಾಗ ಇಳೀತೈತಿ. ಹೊಸದಾಗಿ ಜಿಮ್ ಸುರು ಮಾಡಿದವರಿಗೂ ಮೊದಲ ವಾರ ಹಿಂಗ ಏರತೈತಿ, ಅದಕ್ಕ ಹೆದರಿ ಎಷ್ಟೋ ಮಂದಿ ಬಿಟ್ಟ ಬಿಡ್ತಾರ.

ಮಿರ್ಚಿ ಭಜಿ
11,000 ಅಂದ್ರ ಶೇಂಗಾ ಹೋಳಿಗಿ ಎಷ್ಟಾಕ್ಕಾವ್ರಿ ಮಾಸ್ತರ?

ಲೆಕ್ಕದ ಮಾಸ್ತರ
ನಿನಗ ಆ ಲೆಕ್ಕ ಹೇಳಿದ್ರ ಗುರಿ ಅಂತ ಇಟ್ಕೋತಿ.